ಉರಿಗೆ ಎರಡು ಕಿಟಕಿ

ಜೂನ್ 3, ಸೋಮವಾರ

ಗೇಟಿನವರು ಹೆಸರೇನು ಎಂದರು. ಹೆದರಿಕೆಗೆ ನನ್ನ ಹೆಸರು ನನಗೇ ನೆನಪಾಗದೆ "ಫಿಟ್ಟರ್" ಎಂದುಬಿಟ್ಟೆ. ಅವರು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಫಿಟ್ಟರ್, ಹೆಂಗಸು" ಎಂದು ಬರೆದುಕೊಂಡರು. ಮೊದಲ ದಿನವೇ ಪುಸ್ತಕದಲ್ಲಿ ಸುಳ್ಳು ಹೆಸರು. ನಾಳೆ ಇಲ್ಲಿ ಏನಾದರೂ ಕಳುವಾದರೆ ಮೊದಲು ಹಿಡಿಯುವುದು ಸುಳ್ಳು ಹೆಸರಿನವಳನ್ನೇ ಅಲ್ಲವೇ?

ಇದು ಉರಿಯ ಪ್ರಯೋಗಶಾಲೆ. ಒಂದು ಉರಿ ಹೊತ್ತಿಸುವುದು, ಅದರೊಳಗೆ ಯಾವ ಅನಿಲ ಎಷ್ಟಿದೆ ಎಂದು ಲೇಸರ್ ಬೆಳಕಿನಿಂದ ಅಳೆಯುವುದು, ಅಷ್ಟೇ ಇಲ್ಲಿನ ಕೆಲಸ. ಅಷ್ಟೇ ಎಂದು ಬರೆದೆನಲ್ಲ, ಅದರಲ್ಲಿ ಕಾಲುಭಾಗವೂ ನನಗೆ ತಿಳಿದಿಲ್ಲ. ಅವರಿಗೆ ಬೇಕಾದ ಹಿತ್ತಾಳೆ, ಉಕ್ಕಿನ ಭಾಗಗಳನ್ನು ಕಡೆದು ಕೊರೆದು ಕೊಡುವುದು ನನ್ನ ಪಾಲು. ಮೂರು ತಿಂಗಳು ಪರೀಕ್ಷಾವಧಿ. ಸೆಪ್ಟೆಂಬರ್ ಎರಡಕ್ಕೆ ಇಲ್ಲಿನ ಮುಖ್ಯಸ್ಥೆ, ಎಲ್ಲರೂ ಕರೆಯುವಂತೆ ದೊಡ್ಡ ಮೇಡಂ, ಸಹಿ ಹಾಕಿದರೆ ಕಾಯಂ, ಇಲ್ಲವಾದರೆ ಮನೆ. ಸೋದರಮಾವ ವರ್ಕ್‌ಶಾಪ್ ಮುಚ್ಚಿದ ಮೇಲೆ ಹನ್ನೊಂದು ಕಡೆ ಕೇಳಿದ್ದೇನೆ. ನಲವತ್ತೊಂದು ವರ್ಷದ, ಸರ್ಟಿಫಿಕೇಟಿಲ್ಲದ ಹೆಂಗಸಿನ ಕೈಗೆ ಲೇತ್ ಕೊಡುವವರು ಯಾರೂ ಸಿಗಲಿಲ್ಲ. ಇದು ಹನ್ನೆರಡನೆಯದು. ಹದಿಮೂರನೆಯದು ಎಂಬುದೊಂದು ಇಲ್ಲ.

"ಎಷ್ಟು ಓದಿದ್ದೀರಿ?" ಎಂದು ದೊಡ್ಡ ಮೇಡಂ ಕೇಳಿದರು. ಏಳಕ್ಕೆ ಬಿಟ್ಟೆ, ಸಂಜೆ ಶಾಲೆಗೆ ಸೇರಿ ಒಂಬತ್ತಕ್ಕೆ ಮತ್ತೆ ಬಿಟ್ಟೆ, ಹತ್ತಕ್ಕೆ ಕಟ್ಟಿದೆ, ಪರೀಕ್ಷೆಯ ದಿನ ಜ್ವರ ಬಂತು ಎಂದೆ. "ಜ್ವರ ಎಷ್ಟಿತ್ತು?" ಎಂದರು. ಅದು ತಮಾಷೆಯೋ ನಿಜವಾದ ಪ್ರಶ್ನೆಯೋ ತಿಳಿಯದೆ "ನೂರಾ ಎರಡು" ಎಂದೆ. ಬರೆದುಕೊಂಡರು!

ಜೂನ್ 5, ಬುಧವಾರ

ಉರಿಯ ಮೇಜು ನೋಡಿಕೊಳ್ಳುವವಳು ಒಬ್ಬ ಸಂಶೋಧನೆಯ ಹುಡುಗಿ. ತಲೆಯ ತುಂಬ ಗುಂಗುರು ಕೂದಲು, ಅದರೊಳಗೆ ಸದಾ ಎರಡು ಪೆನ್ಸಿಲ್. ಎಲ್ಲರೂ ಗುಂಗುರು ಎಂದೇ ಕರೆಯುತ್ತಾರೆ. ನನ್ನನ್ನು ಅಕ್ಕ ಎನ್ನುತ್ತಾಳೆ. ಮಾತಾಡುವಾಗ ಉಸಿರು ತೆಗೆದುಕೊಳ್ಳುವುದನ್ನು ಮರೆಯುತ್ತಾಳೆ.

"ನೋಡಿ ಅಕ್ಕಾ, ಒಂದೊಂದು ಅನಿಲಕ್ಕೂ ಒಂದೊಂದು ಹಸಿವು. ಈ ಲೇಸರ್ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ, ಅದರ ಬಣ್ಣ ನಾವು ಚೂರುಚೂರೇ ಬದಲಾಯಿಸ್ತಾ ಹೋಗ್ತೀವಿ. ಉರಿಯೊಳಗಿರೋ ಕಾರ್ಬನ್ ಮಾನಾಕ್ಸೈಡಿಗೆ ಬೇಕಾದ ಬಣ್ಣ ಬಂದ ಕೂಡ್ಲೇ ಅದು ಗಬಕ್ಕನೆ ತಿನ್ನುತ್ತೆ. ಆಚೆ ಕಡೆ ಬೆಳಕು ಕಮ್ಮಿ ಬರುತ್ತೆ. ಪರದೆ ಮೇಲೆ ಒಂದು ಗುಂಡಿ ಬೀಳುತ್ತೆ. ಗುಂಡಿ ಎಷ್ಟು ಆಳವೋ ಅನಿಲ ಅಷ್ಟು ಜಾಸ್ತಿ."

"ಕಣ್ಣಿಗೆ ಕಾಣಲ್ವಾ?"

"ಕಾಣಲ್ಲ."

"ಮತ್ತೆ ಅದು ನನ್ನ ಮೇಲೆ ಬಿದ್ದರೆ ನಂಗೆ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಇಷ್ಟೂ ತಿಳಿಯದೆ ಬಂದಿದ್ದಾಳಾ ಎಂದುಕೊಂಡರೆ? ಕೊಟ್ಟ ಕನ್ನಡಕ ಹಾಕಿಕೊಂಡು, ಊಟದ ಡಬ್ಬಿ ಮುಗಿಯುವವರೆಗೂ ತೆಗೆಯಲಿಲ್ಲ. ಮನೆಗೆ ಬಂದಾಗ ಅತ್ತಿಗೆ ಮೂಗಿನ ಮೇಲಿನ ಗುರುತು ನೋಡಿ, "ಏನಮ್ಮಾ ಇದು, ಯಾವುದಾದ್ರೂ ಪಕ್ಷಿ ಕೂತಿತ್ತಾ?" ಎಂದರು.

ಜೂನ್ 11, ಮಂಗಳವಾರ

ನನ್ನ ಮೊದಲ ದೊಡ್ಡ ಕೆಲಸ. ಉರಿ ಇರುವ ಉಕ್ಕಿನ ಡಬ್ಬಕ್ಕೆ ಎದುರುಬದುರು ಎರಡು ಕಿಟಕಿ. ಒಂದರಿಂದ ಬೆಳಕು ಒಳಗೆ, ಇನ್ನೊಂದರಿಂದ ಹೊರಗೆ. ಕಿಟಕಿಯ ಗಾಜಿನ ಬಿಲ್ಲೆಗಳು ಕೊಂಡು ತಂದವು, ಅವು ಕೂರುವ ಪೀಠ ನಾನು ಕಡೆಯಬೇಕು. ಗುಂಗುರು ನಕಾಶೆಯ ನಕಲು ಪ್ರತಿ ಕೊಟ್ಟು, ಮೀಟಿಂಗಿಗೆ ಓಡಿದಳು.

ನಕಲು ತೆಗೆಯುವಾಗ ಹಾಳೆ ಸೊಟ್ಟ ಇಟ್ಟಿದ್ದಾರೆ. ಅಂಚಿನ ಗೆರೆಯೇ ವಾಲಿದೆ. ಕಿಟಕಿಯ ಪೀಠವೂ ವಾಲಿದೆ. ಸ್ಕೇಲ್ ಇಟ್ಟು ನೋಡಿದರೆ ಅಂಚಿಗಿಂತ ಪೀಠವೇ ಒಂದು ನೂಲು ಹೆಚ್ಚು ವಾಲಿದ ಹಾಗೆ ಕಂಡಿತು. ಪಾಪ, ಓದಿದ ಹುಡುಗಿ, ಗೆರೆ ಎಳೆಯುವಾಗ ಕೈ ಜಾರಿರಬೇಕು. ಹೋಗಿ ಕೇಳೋಣ ಎಂದು ಮೀಟಿಂಗಿನ ಬಾಗಿಲವರೆಗೆ ಎರಡು ಸಲ ಹೋದೆ. ಒಳಗೆ ಎಂಟು ಜನ. ಎಂಟು ಜನರ ಎದುರು "ನಿಮ್ಮ ಗೆರೆ ಸೊಟ್ಟಗಿದೆ" ಎಂದರೆ ಅವಳಿಗೆ ಅವಮಾನ. "ಗೆರೆ ಸೊಟ್ಟಗಿದೆಯಾ?" ಎಂದು ಕೇಳಿದರೆ ನನಗೆ.

ವಾಪಸ್ ಬಂದು ನೆಟ್ಟಗೆ ಕಡೆದೆ. ಸೋದರಮಾವನ ವರ್ಕ್‌ಶಾಪಿನಲ್ಲಿ ಸೊಟ್ಟ ಕೆಲಸ ಬಾಗಿಲು ದಾಟಿದ್ದಿಲ್ಲ.

ಜೂನ್ 14, ಶುಕ್ರವಾರ

ದೊಡ್ಡ ಮೇಡಂ ಬಂದು ಪೀಠಗಳ ಮೇಲೆ ಬೆರಳಾಡಿಸಿದರು. "ಎಂಥ ಅಚ್ಚುಕಟ್ಟು ಕೆಲಸ!" ಉಗ್ರಾಣದವರು, ಅವರ ಮೀಸೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ, ಅಳತೆಯ ಕಲ್ಲಿನ ಮೇಲೆ ಇಟ್ಟು ನೋಡಿ, "ಕೂದಲೆಳೆ ವ್ಯತ್ಯಾಸ ಇಲ್ಲ ಕಣ್ರೀ" ಎಂದರು. ಗುಂಗುರು ಅವಸರದಲ್ಲಿ ಬಿಲ್ಲೆ ಕೂರಿಸಿ, ಉಂಗುರ ಬಿಗಿದು, ಸುತ್ತ ಕಪ್ಪು ಪಟ್ಟಿ ಸುತ್ತಿಬಿಟ್ಟಳು.

ಇಷ್ಟು ಹೊಗಳಿಕೆ ನನಗೆ ಒಳ್ಳೆಯದಲ್ಲ. ಹೊಗಳಿದವರು ಮುಂದೆ ಬೈಯುವಾಗ ಎತ್ತರದಿಂದ ಬೀಳಬೇಕಾಗುತ್ತದೆ.

ಜೂನ್ 25, ಮಂಗಳವಾರ

ಉರಿ ಹೊತ್ತಿತು! ಅಂಗೈಯಗಲದ ನೀಲಿ ಉರಿ, ಚಪ್ಪಟೆ, ಅಲ್ಲಾಡದೆ ಬಟ್ಟಲಲ್ಲಿನ ನೀರಿನ ಹಾಗೆ ನಿಂತಿತ್ತು. ಅದಕ್ಕೆ ಬರ್ನರ್ ತಟ್ಟೆ ಕೊರೆದವಳೂ ನಾನೇ. ಇನ್ನೂರ ಹತ್ತು ತೂತು.

ಗುಂಡಿ ಬೀಳಲಿಲ್ಲ. ಪರದೆಯ ತುಂಬ ಅಲೆ ಅಲೆ ಅಲೆ. ಗುಂಡಿ ಇದ್ದರೂ ಆ ಅಲೆಗಳ ನಡುವೆ ಯಾವುದು ಗುಂಡಿ, ಯಾವುದು ಅಲೆ?

ನನ್ನ ತಟ್ಟೆಯದೇ ತಪ್ಪಿರಬೇಕು.

ಜುಲೈ 4, ಗುರುವಾರ

ತಟ್ಟೆ ಎರಡನೆಯ ಸಲ ಮಾಡಿದೆ. ಅಲೆ ಹಾಗೆಯೇ ಇದೆ. ಗುಂಗುರು ಮಸೂರ ಬದಲಾಯಿಸಿದಳು. ಅಲೆ ಇದೆ. ಮೇಜು ನಡುಗುತ್ತದೇನೋ ಎಂದು ಕಾಲಿನ ಕೆಳಗೆ ರಬ್ಬರ್ ಇಟ್ಟೆವು. ಅಲೆ ಇದೆ. ಉರಿಯನ್ನೇ ಆರಿಸಿ ನೋಡಿದಳು. ಉರಿ ಇಲ್ಲ, ಅಲೆ ಇದೆ!

"ಹಾಗಾದ್ರೆ ನನ್ನ ತಟ್ಟೆ ತಪ್ಪಲ್ವಾ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ನಿಮ್ಮ ತಟ್ಟೆನಾ? ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಒಂಬತ್ತು ದಿನ ನಾನೇ ನನಗೆ ಹೇಳಿಕೊಂಡು ಅರ್ಧ ಇಳಿದುಹೋಗಿದ್ದೆ.

ಉಗ್ರಾಣದವರು ಇಣುಕಿ, "ಉರಿಗೆ ಬಿಕ್ಕಳಿಕೆ ಬಂದಿದೆ, ಯಾರೋ ನೆನೆಸ್ಕೊಳ್ತಿದ್ದಾರೆ. ಹಿಂದಿನಿಂದ ಹೋಗಿ ಒಂದ್ಸಲ ಹೆದರಿಸಿ" ಎಂದರು. ಗುಂಗುರು ನಿಜವಾಗಿಯೂ ಮೇಜಿನ ಹಿಂದಿನಿಂದ "ಭೌ!" ಎಂದಳು. ನಾನು ಹೆದರಿದೆ. ಅಲೆ ಹೆದರಲಿಲ್ಲ.

ಜುಲೈ 12, ಶುಕ್ರವಾರ

ಅಲೆ ಇದೆ.

ಜುಲೈ 19, ಶುಕ್ರವಾರ

ದೊಡ್ಡ ಮೇಡಂ ಮೇಜಿನ ಬಳಿ ನಿಂತು, ಕೂಗಾಡದೆ, ಸಮಾಧಾನವಾಗಿ ಹೇಳಿದರು. ಸಮಾಧಾನವಾಗಿ ಹೇಳುವವರನ್ನು ಕಂಡರೇ ನನಗೆ ಹೆಚ್ಚು ಭಯ. ಕುಲುಮೆ ಮಾಡುವ ಕಂಪನಿಯವರು ಆಗಸ್ಟ್ 21ಕ್ಕೆ ನೋಡಲು ಬರುತ್ತಾರೆ. ಅವರ ಕುಲುಮೆಯಲ್ಲಿ ಅರೆಬರೆ ಉರಿದು ವಿಷಾನಿಲ ಎಷ್ಟು ಹುಟ್ಟುತ್ತದೆ ಎಂದು ಈ ಲೇಸರ್ ಅಳೆಯಬಲ್ಲದಾದರೆ ಕೆಲಸ ಮುಂದುವರಿಯುತ್ತದೆ. ಅಳೆಯದಿದ್ದರೆ ಈ ಮೇಜು, ಈ ಲೇಸರ್ ಪಕ್ಕದ ಕೋಣೆಯವರ ಪಾಲು. ಉರಿಯ ಕೆಲಸವೇ ಇಲ್ಲದ ಮೇಲೆ ಉರಿಯ ಫಿಟ್ಟರ್ ಯಾತಕ್ಕೆ? ಅದನ್ನು ಮೇಡಂ ಹೇಳಲಿಲ್ಲ. ನಾನೇ ಸೇರಿಸಿಕೊಂಡೆ.

ಮೇಡಂ ಹೋದ ಮೇಲೆ ಗುಂಗುರು ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಾ ಅತ್ತಳು. ಅಳುತ್ತಾ ತಿನ್ನುವುದು ಬಹಳ ಕಷ್ಟ, ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಬೆನ್ನು ತಟ್ಟಿದೆ.

"ಎಲ್ಲೋ ಎರಡು ಗೋಡೆ ಮಧ್ಯೆ ಬೆಳಕು ಚೆಂಡಿನ ಥರ ಪುಟೀತಿದೆ ಅಕ್ಕಾ. ಹೋಗಿದ್ದೂ ಬಂದಿದ್ದೂ ಒಂದರ ಮೇಲೊಂದು ಬಿದ್ದು ಅಲೆ ಏಳ್ತಿದೆ. ಯಾವ ಎರಡು ಗೋಡೆ ಅಂತ ಸಿಕ್ತಿಲ್ಲ. ಎಲ್ಲಾ ಬಿಚ್ಚಿ ನೋಡಿದೆ. ಕಿಟಕಿ ಒಂದು ಬಿಟ್ಟು."

"ಕಿಟಕಿ ಯಾಕೆ ಬಿಟ್ರಿ?"

"ಅದು ನೀವು ಮಾಡಿದ್ದಲ್ವಾ, ಅದ್ರ ಬಗ್ಗೆ ನಂಗೆ ಚಿಂತೆ ಇಲ್ಲ."

ಇಂಥ ಮಾತು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಇಡೀ ಸಂಜೆ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕಿದೆ. ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ.

ಜುಲೈ 28, ಭಾನುವಾರ

ಅಕ್ಷರ ಹೇಗೆ ಬಂದರೂ ಸರಿ, ಬಸ್ ಸ್ಟಾಪಿನಲ್ಲೇ ಬರೆಯುತ್ತಿದ್ದೇನೆ.

ಕಂಪನಿಯವರು ಬರುವ ದಿನ ಉಡಲು ಒಂದೂ ನೆಟ್ಟಗಿನ ಬಟ್ಟೆ ಇಲ್ಲ ಎಂದು ಅತ್ತಿಗೆ ಬೆಳಿಗ್ಗೆ ನನ್ನನ್ನು ಹಿಡಿದುಕೊಂಡು ಹೋದರು. ಬಟ್ಟೆ ಅಂಗಡಿ. ಹಾಕಿ ನೋಡುವ ಕೋಣೆ ಕಪಾಟಿನಷ್ಟು ಚಿಕ್ಕದು. ಎದುರಿನ ಗೋಡೆಗೆ ಒಂದು ಕನ್ನಡಿ, ಬಾಗಿಲ ಒಳಮೈಗೆ ಒಂದು ಕನ್ನಡಿ. ಅಂಗಿ ಹಾಕಿ ತಲೆ ಎತ್ತಿದರೆ, ಅಯ್ಯೋ, ನನ್ನ ಹಿಂದೆ ನಾನು, ಆ ನನ್ನ ಹಿಂದೆ ನಾನು, ಸಾಲು ಸಾಲಾಗಿ ನೂರು ಜನ ನಾನು. ನೂರು ಜನರ ಮುಖದಲ್ಲೂ ಒಂದೇ ಗಾಬರಿ. ಅಷ್ಟು ಜನ ಒಟ್ಟಿಗೆ ಗಾಬರಿಯಾಗಿ ನಿಂತಿದ್ದನ್ನು ನೋಡಿ ನನಗೆ ನಗು ಬಂತು. ಅವರೆಲ್ಲ ನಕ್ಕರು. ಇನ್ನೂ ನಗು ಬಂತು.

ಬಾಗಿಲ ಚಿಲಕ ಸಡಿಲ. ಹೊರಗೆ ಯಾರೋ ತಗುಲಿ ಬಾಗಿಲು ಒಂದು ಬೆರಳಷ್ಟು ತೆರೆಯಿತು, ಅಷ್ಟೇ. ಸಾಲು ಬಾಗಿತು. ಎರಡನೆಯ ನಾನು, ಮೂರನೆಯ ನಾನು ಪಕ್ಕಕ್ಕೆ ಜಾರಿ, ಗೋಡೆಯ ಅಂಚಿಗೆ ಸರಿದು, ಎಲ್ಲರೂ ಮಾಯ! ಬಾಗಿಲು ಮುಚ್ಚಿದೆ. ಎಲ್ಲರೂ ಹಾಜರ್. ಒಂದು ಬೆರಳು ತೆರೆದೆ. ಮಾಯ. ಮುಚ್ಚಿದೆ, ಹಾಜರ್. ತೆರೆದೆ, ಮಾಯ. ಎಷ್ಟು ಸಲ ಮಾಡಿದೆನೋ, ಹೊರಗಿನಿಂದ ಅಂಗಡಿಯವಳು, "ಮೇಡಂ, ಬಾಗಿಲು ಹಾಳಾಗಿದ್ಯಾ?" ಎಂದಳು.

"ಇಲ್ಲಾ! ಕಿಟಕಿ ಹಾಳಾಗಿದೆ!" ಎಂದು ಕಿರುಚಿದೆ.

ಎದುರುಬದುರು, ನೆಟ್ಟಗೆ ಕೂತ ಎರಡು ಗಾಜು. ಚೆಂಡಿನ ಥರ ಪುಟಿಯುವ ಬೆಳಕು. ನೆಟ್ಟಗಿರುವುದೇ ತಪ್ಪು! ಒಂಚೂರು ಓರೆ ಇದ್ದರೆ ಬೆಳಕು ಪಕ್ಕಕ್ಕೆ ಹೋಗಿ ಸಾಯುತ್ತದೆ!

ಹೊಸ ಅಂಗಿಯಲ್ಲೇ, ಚೀಟಿ ತೋಳಿನಲ್ಲಿ ನೇತಾಡುತ್ತಿರುವಂತೆಯೇ ಅಂಗಡಿಯ ಹೊರಗೆ ಓಡಿ ಗುಂಗುರುವಿಗೆ ಫೋನ್ ಮಾಡಿದೆ. ಹಿಂದೆ ಅತ್ತಿಗೆ, ಅತ್ತಿಗೆಯ ಹಿಂದೆ ಅಂಗಡಿಯವಳು.

"ಗುಂಗುರೂ! ಕಿಟಕಿ! ಕಿಟಕಿ ನೆಟ್ಟಗಿದೆ!"

"ಅಕ್ಕಾ? ಏನಾಯ್ತು? ಕಿಟಕಿ ನೆಟ್ಟಗಿಲ್ಲ. ನಾನೇ ಮೂರು ಡಿಗ್ರಿ ಓರೆ ಇಟ್ಟು ಬರೆದಿದ್ದೆ, ಅದಕ್ಕೇ ಅಂತಾನೇ."

"ನೀವು ಓರೆ ಬರೆದಿದ್ರಿ, ನಾನು ನೆಟ್ಟಗೆ ಮಾಡಿಬಿಟ್ಟೆ!"

ಎಷ್ಟು ಖುಷಿಯಿಂದ ಹೇಳಿದೆ ಎಂದರೆ, ಬಹುಮಾನ ಬಂದಿದೆ ಎನ್ನುವಂತೆ ಹೇಳಿದೆ.  ಆ ಕಡೆ ಫೋನ್ ಇಟ್ಟ ಸದ್ದು.

ಆಗ ತಿಳಿಯಿತು ನಾನು ಏನು ಹೇಳಿದೆ ಎಂದು. ಬಸ್ ಇನ್ನೂ ಬಂದಿಲ್ಲ. ಅತ್ತಿಗೆ ಪಕ್ಕದಲ್ಲಿ ಕೂತು, "ಅಂಗಿ ಚೆನ್ನಾಗಿದೆ, ಅದಕ್ಕೋಸ್ಕರ ಓಡಿಹೋಗೋ ಅವಶ್ಯಕತೆ ಇರ್ಲಿಲ್ಲ" ಎನ್ನುತ್ತಿದ್ದಾರೆ.

ಜುಲೈ 29, ಸೋಮವಾರ

ಬೆಳಿಗ್ಗೆ ಗೇಟಿನವರಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದೆ.  ಬೈಯಲಿ, ತೆಗೆದುಹಾಕಲಿ, ಆದರೆ ಕಪ್ಪು ಪಟ್ಟಿ ಬಿಚ್ಚಿ ನಾನು ಹೇಳಿದ್ದು ನಿಜವೋ ಅಲ್ಲವೋ ಎಂದು ಒಂದು ಸಲ ನೋಡಿದ ಮೇಲೆ ತೆಗೆಯಲಿ ಎಂದುಕೊಂಡೆ. ನೋಡದೆ ಮನೆಗೆ ಹೋದರೆ ಆಯುಷ್ಯವಿಡೀ ಹುಳ ಕೊರೆಯುತ್ತದೆ.

ಗುಂಗುರು ಬಂದವಳೇ ಪಟ್ಟಿ ಬಿಚ್ಚಿದಳು. ಉಂಗುರ ಕಳಚಿದಳು. ಪೀಠದ ಮೇಲೆ ಕೋನಮಾಪಕ ಇಟ್ಟಳು. ಸೊನ್ನೆ. ಕೂದಲೆಳೆ ವ್ಯತ್ಯಾಸವಿಲ್ಲದ ಸೊನ್ನೆ.

"ಐದು ವಾರ" ಎಂದಳು. "ಐದು ವಾರ ಅಕ್ಕಾ! ಮಸೂರ ಬಿಚ್ಚಿದೆ. ಲೇಸರ್ ಬಿಚ್ಚಿದೆ. ಮೇಜಿನ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿದೆ. ಒಂದು ಮಾತು ಕೇಳಬಾರದಿತ್ತಾ?"

"ಬಾಗಿಲವರೆಗೆ ಬಂದಿದ್ದೆ. ಎರಡು ಸಲ."

"ಬಂದು?"

"ಒಳಗೆ ಎಂಟು ಜನ ಇದ್ರು."

ಅವಳು ನನ್ನನ್ನೇ ನೋಡಿದಳು. ಸಿಟ್ಟು ಮುಖದಲ್ಲಿ ಹಾಗೆಯೇ ಇತ್ತು, ಆದರೆ ತುಟಿಯ ಕೊನೆ ಒಂದು ಕಡೆ ಎಳೆದುಕೊಂಡಿತು. ನಂತರ ಮೂಲ ನಕಾಶೆ ತಂದಳು. ಅದರಲ್ಲಿ ಪೀಠದ ಪಕ್ಕದಲ್ಲಿ ಮೂರು ಡಿಗ್ರಿ ಎಂದು ಪೆನ್ಸಿಲಿನಲ್ಲಿ ಬರೆದಿತ್ತು, ಇರುವೆಯ ಕಾಲಿನಷ್ಟು ತೆಳ್ಳಗೆ. ನಕಲು ಯಂತ್ರಕ್ಕೆ ಅದು ಕಂಡೇ ಇಲ್ಲ.

"ಓಹೋ" ಎಂದಳು ಅವಳು.

"ಓಹೋ" ಎಂದೆ ನಾನೂ.

ಇಬ್ಬರೂ ದೊಡ್ಡ ಮೇಡಂ ಬಳಿ ಹೋದೆವು. ನಾನು ಮೊದಲು, ಅವಳು ಮೊದಲು ಎಂದು ಬಾಗಿಲಲ್ಲಿ ತಿಕ್ಕಾಡಿ ಇಬ್ಬರೂ ಒಟ್ಟಿಗೆ ಒಳಗೆ ಬಿದ್ದೆವು. ಅವಳು ಪೆನ್ಸಿಲಿನದೇ ತಪ್ಪು ಎಂದಳು. ನಾನು ಅಲ್ಲ, ಅಂಚಿಗಿಂತ ಪೀಠ ಹೆಚ್ಚು ವಾಲಿದ್ದು ನನಗೆ ಕಂಡಿತ್ತು, ಕಂಡೂ ಬಾಯಿಗೆ ಬೀಗ ಹಾಕಿಕೊಂಡೆ ಎಂದೆ. ಮೇಡಂ ನಗಲಿಲ್ಲ. "ಫಿಟ್ಟರ್ ಹೇಳಿದ್ದು ಸರಿ" ಎಂದರು. "ಪೆನ್ಸಿಲ್ ತಪ್ಪಿಗೆ ಒಂದು ದಿನ ಹಾಳಾಗುತ್ತೆ. ಕೇಳದೆ ಇದ್ದಿದ್ದಕ್ಕೆ ಐದು ವಾರ ಹಾಳಾಯ್ತು. ಇದನ್ನ ದಾಖಲೆ ಪುಸ್ತಕದಲ್ಲಿ ನೀವೇ ಬರೆದು ಸಹಿ ಹಾಕಿ. ಉಳಿದಿದ್ದು ಸೆಪ್ಟೆಂಬರ್ ಎರಡಕ್ಕೆ ನೋಡೋಣ."

ಬರೆದೆ. ಈ ಸಲ ನನ್ನ ನಿಜವಾದ ಹೆಸರನ್ನೇ ಹಾಕಿದೆ. ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ಹದಿಮೂರನೆಯ ಕಡೆ ಯಾವುದು ಕೇಳಲಿ ಎಂದು ಲೆಕ್ಕ ಹಾಕುತ್ತಾ ಕೂತೆ.

ಲೆಕ್ಕದ ಮಧ್ಯೆ ನೆನಪಾಯಿತು, ಮೂರು ಡಿಗ್ರಿಯನ್ನು ಯಾವ ಕಡೆಗೆ ಓರೆ ಮಾಡಬೇಕು? ಎರಡೂ ಒಂದೇ ಕಡೆಗೋ, ಒಂದು ಈಚೆ ಒಂದು ಆಚೆಗೋ? ಡಬ್ಬಿ ಅಲ್ಲೇ ಬಿಟ್ಟು ಕೇಳಲು ಹೋದೆ.

ಜುಲೈ 30, ಮಂಗಳವಾರ

ಸೊಟ್ಟ ಕೆಲಸ ನೆಟ್ಟಗೆ ಮಾಡುವುದು ಎಷ್ಟು ಕಷ್ಟ! ಇಪ್ಪತ್ತೆರಡು ವರ್ಷ ನೆಟ್ಟಗೆ ಕಡೆದ ಕೈ, ಓರೆ ಹಿಡಿದ ಕೂಡಲೇ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಎರಡು ಪೀಠ ಹಾಳು ಮಾಡಿದೆ. ಉಗ್ರಾಣದವರು ಮೂರನೆಯ ಉಕ್ಕಿನ ತುಂಡು ಕೊಡುವಾಗ, "ಜಗತ್ತಿನಲ್ಲಿ ಎಲ್ರೂ ಸೊಟ್ಟ ಮಾಡಿ ಬೈಸ್ಕೊಳ್ತಾರೆ, ನೀವು ನೆಟ್ಟಗೆ ಮಾಡಿ ಬೈಸ್ಕೊಂಡ್ರಿ. ನಿಮ್ಮ ಕಾಲು ಮುಟ್ಟಬೇಕು" ಎಂದರು.

"ಕಾಲು ಆಮೇಲೆ ಮುಟ್ಟಿ, ಮೊದ್ಲು ಕೋನದ ತುಂಡುಗಳ ಪೆಟ್ಟಿಗೆ ಕೊಡಿ. ಮೂರು ಡಿಗ್ರಿದು ಇದೆಯಾ? ಇಲ್ದಿದ್ರೆ ಒಂದು, ಎರಡು ಸೇರಿಸಿದ್ರೆ ಆಗುತ್ತಾ? ಸೇರಿಸಿದ್ರೆ ತಪ್ಪೂ ಸೇರುತ್ತಾ?"

ಮೀಸೆ ನಿಂತಲ್ಲೇ ನಿಂತಿತು. "ಏನ್ರೀ ಇವತ್ತು ಹಿಂಗೆ ಪ್ರಶ್ನೆ ಉದುರಿಸ್ತಿದೀರಿ?"

ಸಂಜೆ ಐದಕ್ಕೆ ಎರಡು ಪೀಠವೂ ಮುಗಿದವು. ಮಾವ ನೋಡಿದ್ದರೆ ಎತ್ತಿ ಬಿಸಾಡುತ್ತಿದ್ದರು. ನಾನು ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಕೊಟ್ಟೆ.

ಆಗಸ್ಟ್ 1, ಗುರುವಾರ

ಗುಂಡಿ!

ಅಲೆ ಇಲ್ಲ. ಒಂದೂ ಇಲ್ಲ. ಇಸ್ತ್ರಿ ಮಾಡಿದ ಹಾಗೆ ಸಪಾಟಾದ ಗೆರೆ, ಅದರ ನಡುವೆ ಒಂದು ಗುಂಡಿ, ಚೂಪಾಗಿ, ಅಂದವಾಗಿ, ಮಗುವಿನ ಕೆನ್ನೆಯ ಗುಳಿಯ ಹಾಗೆ. ಗಾಳಿ ಕಡಿಮೆ ಮಾಡಿದರೆ ಉರಿ ಅರೆಬರೆಯಾಗಿ ಗುಂಡಿ ಆಳವಾಗುತ್ತದೆ. ಗಾಳಿ ಕೊಟ್ಟರೆ ತುಂಬಿಕೊಳ್ಳುತ್ತದೆ. ಗುಂಗುರು ಕೊಡುತ್ತಾ ತೆಗೆಯುತ್ತಾ, ಕೊಡುತ್ತಾ ತೆಗೆಯುತ್ತಾ ಕುಣಿದಳು. ನಾನೂ ಕುಣಿದೆನಂತೆ. ಉಗ್ರಾಣದವರು ಹೇಳಿದರು. ನನಗೆ ನೆನಪಿಲ್ಲ. "ಲೇಸರ್ ಉರಿತಿದೆ, ಆಚೆ ಹೋಗಿ ಕುಣೀರಿ!" ಎಂದು ಕೂಗಿದ್ದು ಮಾತ್ರ ನೆನಪಿದೆ. ಕೂಗಿದವಳು ನಾನೇ.

ಕಣ್ಣಿಗೆ ಕಾಣದ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅನಿಲ ಕಂಡಿತು. ಮನೆಗೆ ಬಂದು ಹೇಳಿದರೆ ಅತ್ತಿಗೆ, "ಕಾಣದ್ದರಲ್ಲಿ ಕಾಣದ್ದು ಕಂಡಿತು, ಅದಕ್ಕೆ ನೀನು ಕುಣಿದೆ. ಸರಿ, ಕಾಲು ನೋವಿದ್ರೆ ಎಣ್ಣೆ ಅಲ್ಲಿದೆ" ಎಂದರು. ಆಮೇಲೆ ತಡೆಯಲಾರದೆ, "ಎಷ್ಟು ಆಳ ಬಿತ್ತು?" ಎಂದು ಕೇಳಿದರು.

ಆಗಸ್ಟ್ 9, ಶುಕ್ರವಾರ

ಗುಂಗುರು ಇವತ್ತು ನನ್ನನ್ನು ಕೋಣೆಯಿಂದ ಹೊರಗೆ ಹಾಕಿದಳು. "ಅಕ್ಕಾ, ಬೆಳಿಗ್ಗೆಯಿಂದ ಹದಿನಾಲ್ಕು ಪ್ರಶ್ನೆ ಆಯ್ತು. ನಂಗೆ ಪ್ರಬಂಧ ಬರೀಬೇಕು. ಹೊರಗೆ ಹೋಗಿ ಚಹಾ ಕುಡೀರಿ." ನಾನು ಕೇಳಿದ್ದು ಇಷ್ಟೇ, ಉರಿಯ ಶಾಖಕ್ಕೆ ಪೀಠ ಹಿಗ್ಗಿದರೆ ಮೂರು ಡಿಗ್ರಿ ಮೂರಾಗಿಯೇ ಉಳಿಯುತ್ತದೆಯೇ ಎಂದು. ಚಹಾ ಕುಡಿದೆ. ವಾಪಸ್ ಬರುವಾಗ ಅವಳು ಬಾಗಿಲಲ್ಲೇ ನಿಂತಿದ್ದಳು. "ಉಳಿಯಲ್ಲ" ಎಂದಳು, ಕೂದಲಿನಿಂದ ಪೆನ್ಸಿಲ್ ಕಿತ್ತು ವಾಪಸ್ ಸಿಕ್ಕಿಸಿಕೊಂಡು, ಪೆನ್ ಹುಡುಕುತ್ತಾ. "ಚೂರು ಬದಲಾಗುತ್ತೆ. ಅಳೆಯೋಣ್ವಾ?"

ಅಳೆದೆವು. ಚೂರೇ ಚೂರು. ಚಿಂತೆ ಮಾಡುವಷ್ಟಲ್ಲ ಎಂದಳು. ನಾನು ಒಪ್ಪಿಲ್ಲ, ಸೋಮವಾರ ಇನ್ನೊಮ್ಮೆ ಅಳೆಯಬೇಕು.

ಆಗಸ್ಟ್ 21, ಬುಧವಾರ

ಕುಲುಮೆ ಕಂಪನಿಯವರು ಐದು ಜನ. ಹೊಸ ಅಂಗಿ ಹಾಕಿದ್ದೆ, ಮೇಲೆ ಕೆಲಸದ ಕೋಟು, ಹಾಗಾಗಿ ಅಂಗಿಯನ್ನು ಯಾರೂ ನೋಡಲಿಲ್ಲ. ಅತ್ತಿಗೆಗೆ ಹೇಳುವುದಿಲ್ಲ.

ಉರಿ ಹೊತ್ತಿತು. ಗುಂಡಿ ಬಿತ್ತು. ಎಲ್ಲರೂ ತಲೆದೂಗಿದರು. ಅವರಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರು ಪರದೆಯನ್ನು ನೋಡುವುದು ಬಿಟ್ಟು ಡಬ್ಬದ ಹತ್ತಿರ ಬಗ್ಗಿದರು. "ಈ ಕಿಟಕಿ ಸೊಟ್ಟ ಕೂತಿದೆಯಲ್ಲ. ನಿಮ್ಮ ಕೆಲಸದವರಿಗೆ ಒಂದು ಗಾಜು ನೆಟ್ಟಗೆ ಕೂರಿಸೋಕೆ ಬರಲ್ವಾ?"

ಗುಂಗುರು ಬಾಯಿ ತೆರೆದಳು. ಮೇಡಂ ಬಾಯಿ ತೆರೆದರು. ಅವರಿಬ್ಬರಿಗಿಂತ ಮೊದಲು ಯಾರೋ ಮಾತಾಡಿದರು. "ಬರುತ್ತೆ ಸರ್. ನೆಟ್ಟಗೆ ಕೂರಿಸಿ ಐದು ವಾರ ಹಾಳು ಮಾಡಿದ್ದೂ ನಾವೇ." ಮಾತಾಡಿದ್ದು ನಾನು. ಶುರುಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಬಟ್ಟೆ ಅಂಗಡಿ, ಎರಡು ಕನ್ನಡಿ, ಗಾಬರಿಯಾದ ನೂರು ಜನ, ಬಾಗಿಲ ಚಿಲಕ, ಎಲ್ಲ ಹೇಳಿದೆ. ಬಂದವರಿಗೆ ಕೊಡಲು ಕೈಯಲ್ಲಿ ಹಿಡಿದಿದ್ದ ಎರಡು ತಿಂಡಿ ತಟ್ಟೆಗಳನ್ನೇ ಕನ್ನಡಿಯ ಹಾಗೆ ಹಿಡಿದು, ಓರೆ ಮಾಡಿ ತೋರಿಸಿದೆ. ತಟ್ಟೆಯಲ್ಲಿದ್ದ ಬಿಸ್ಕತ್ತೂ ಓರೆಯಾಗಿ ಅವರ ಬೂಟಿನ ಮೇಲೆ ಬಿತ್ತು. ಹಿರಿಯರು ಬಿಸ್ಕತ್ತು ಎತ್ತಿ ಮೇಜಿನ ಮೇಲಿಟ್ಟು, "ನಮ್ಮ ಕುಲುಮೆಗೆ ಕಿಟಕಿ ಕೊರೆಯೋಕೆ ಇವರೇ ಬರ್ತಾರಾ?" ಎಂದು ಮೇಡಂ ಅವರನ್ನು ಕೇಳಿದರು.

"ನಿಮ್ಮ ಕುಲುಮೆ ಗೋಡೆ ಎಷ್ಟು ದಪ್ಪ?" ಎಂದು ಕೇಳಿದೆ ನಾನು. ಅಲ್ಲಿಂದ ಮಧ್ಯಾಹ್ನವೆಲ್ಲ ಗೋಡೆಯ ಮಾತೇ ಆಯಿತು.

ಸೆಪ್ಟೆಂಬರ್ 5, ಗುರುವಾರ

ಹದಿನೈದು ದಿನ ಇದನ್ನು ತೆರೆದೇ ಇಲ್ಲ. ಕುಲುಮೆಯ ಕಿಟಕಿಗೆ ಮೂರು ಡಿಗ್ರಿ ಸಾಲದು, ಗೋಡೆ ದಪ್ಪ, ಶಾಖ ಹೆಚ್ಚು, ನಾಲ್ಕೂವರೆಯೋ ಐದೋ ಎಂದು ಗುಂಗುರುವಿಗೂ ನನಗೂ ದಿನಾ ಜಗಳ.

ಇವತ್ತೂ ಉರಿ ಹಚ್ಚಿ ಇಬ್ಬರೂ ಪರದೆಗೆ ಮೂಗು ತಾಗಿಸಿ ಕೂತಿದ್ದಾಗ ಬಾಗಿಲು ದಢಾರನೆ ತೆರೆಯಿತು. ಗಾಳಿ ನುಗ್ಗಿ ಉರಿ ಅಲ್ಲಾಡಿ, ಗುಂಡಿ ಪರದೆಯ ಮೇಲೆ ಕುಪ್ಪಳಿಸಿತು.

"ಯಾರ್ರೀ ಅದು, ಮೊದ್ಲು ಬಾಗಿಲು ಹಾಕ್ರಿ!" ಎಂದೆ, ತಿರುಗಿ ನೋಡದೆ.

ಕಚೇರಿಯ ಗುಮಾಸ್ತೆ. ಬಾಗಿಲು ಹಾಕಿ, ಸೊಂಟದ ಮೇಲೆ ಕೈ ಇಟ್ಟು ನಿಂತರು. "ಸೋಮವಾರ ಬರಬೇಕಿತ್ತು ನೀವು. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ, ನಿನ್ನೆ ಹೇಳಿ ಕಳಿಸಿದ್ರೆ ಕೈ ಖಾಲಿ ಇಲ್ಲ ಅಂದ್ರಂತೆ. ಕೆಲಸ ಬೇಕೋ ಬೇಡ್ವೋ?"

ಸೋಮವಾರ ಏನಿತ್ತು ಎಂದು ಎರಡು ಕ್ಷಣ ಹೊಳೆಯಲೇ ಇಲ್ಲ.

ಕಾಗದ ಮುಂದೆ ಹಿಡಿದರು. ಕಾಯಂ ಎಂದಿದೆ. ದೊಡ್ಡ ಮೇಡಂ ಸಹಿ ಇದೆ. ಸಹಿಯ ಮೇಲೆ ಕೆಲಸದ ಬಗ್ಗೆ ಟಿಪ್ಪಣಿ ಬರೆಯಲು ನಾಲ್ಕು ಸಾಲು ಜಾಗ. ಮೇಡಂ ಬರೆದಿದ್ದು ಎರಡೇ ಪದ: "ಪ್ರಶ್ನೆಗಳು ವಿಪರೀತ."

ಗುಂಗುರು ಓದಿ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಳು. ಯಾಕೆ ನಗುತ್ತಾಳೋ ತಿಳಿಯಲಿಲ್ಲ. ಕಾಯಂ ಕಾಗದದ ಮೇಲೆ ಹೀಗೆ ಬರೆಯುತ್ತಾರೆಯೇ? ಇದು ಹೊಗಳಿಕೆಯೋ ಬೈಗುಳವೋ? ಒಂದು ವೇಳೆ ಬೈಗುಳವಾಗಿದ್ದರೆ? ಸಂಜೆ ಬಸ್ಸಿನಲ್ಲಿ ಅದೇ ಯೋಚನೆ.

ಇರಲಿ. ನಾಳೆ ಬೆಳಿಗ್ಗೆ ನೇರವಾಗಿ ಮೇಡಂ ಅವರನ್ನೇ ಕೇಳಿಬಿಡುತ್ತೇನೆ.